ಜನ ಬಾಯಿ ತೆರೆದು ಹಾಡಬೇಕು: ಚರ್ಚ್ ಸಂಗೀತ ನಿರ್ದೇಶಕರ ಕೆಲಸ, ಸೋಮವಾರದಿಂದ ಭಾನುವಾರದ ತನಕ

ಕ್ವಾಯರ್, ಅಂದರೆ ಚರ್ಚಿನ ಹಾಡುಗಾರರ ತಂಡದ ಜವಾಬ್ದಾರಿ ನನ್ನ ಕೈಗೆ ಬಂದ ಹೊಸದರಲ್ಲಿ ಒಂದು ಹಾಡನ್ನು ನಾಲ್ಕು ಧ್ವನಿಯಲ್ಲಿ ಮೂರು ವಾರ ಕೂತು ತಯಾರು ಮಾಡಿಸಿದ್ದೆ. ಭಾನುವಾರ ಒಂದು ತಪ್ಪೂ ಇಲ್ಲದೆ ಬಂತು. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, "ತುಂಬಾ ಚೆನ್ನಾಗಿತ್ತಪ್ಪಾ, ನಾವೆಲ್ಲ ಸುಮ್ನೆ ನಿಂತು ಕೇಳ್ತಾ ಇದ್ವಿ" ಅಂದರು. ನಾನು ಹಿಗ್ಗಿಹೋದೆ. ಅದು ಹೊಗಳಿಕೆ ಅಲ್ಲ, ದೂರು ಅಂತ ಅರ್ಥವಾಗೋಕೆ ನನಗೆ ಒಂದು ವರ್ಷ ಹಿಡಿಯಿತು.

ಅಜ್ಜಿ ಹಾಡೋಕೆ ಬಂದಿದ್ದರು, ಕೇಳೋಕೆ ಅಲ್ಲ. ಈ ಕೆಲಸದ ಹೆಸರಿನಲ್ಲಿ ಸಂಗೀತ, ನಿರ್ದೇಶನ ಅಂತ ದೊಡ್ಡ ಮಾತುಗಳಿವೆ, ಆದರೆ ಮಾಡಬೇಕಾದ್ದು ಇಷ್ಟೇ: ಹಿಂದಿನ ಬೆಂಚಿನಲ್ಲಿ ಕೂತವರೂ ಬಾಯಿ ತೆರೆಯುವ ಹಾಗೆ ಮಾಡುವುದು. ನೀವು ಹೇಗೆ ಮಾಡುತ್ತಿದ್ದೀರಿ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಕೊನೆಯ ಚರಣದಲ್ಲಿ ವಾದ್ಯ ನಿಲ್ಲಿಸಿ, ಕ್ವಾಯರ್‌ಗೂ ಮೆಲ್ಲಗೆ ಹಾಡಲು ಹೇಳಿ. ಸಭೆಯ ಸದ್ದು ಹಾಗೇ ನಿಂತಿತಾ, ಇಲ್ಲ ಸೋರಿಹೋಯಿತಾ? ಸೋರಿಹೋದರೆ ಮುಂದೆ ಓದಿ.

ಹಾಡು ಆರಿಸುವ ಮೊದಲು ವಿಚಾರಿಸಿ

ಹೊಸದಾಗಿ ಬಂದವರು ಮಾಡುವ ಮೊದಲ ತಪ್ಪು, ಬಂದ ವಾರವೇ ತಮಗಿಷ್ಟದ ಹಾಡುಗಳ ಪಟ್ಟಿ ತೆಗೆಯುವುದು. ಮೊದಲ ತಿಂಗಳು ಏನೂ ಬದಲಿಸಬೇಡಿ. ಆ ಸಭೆಯಲ್ಲಿ ಹಿಂದಿನ ಎರಡು ವರ್ಷ ಏನೇನು ಹಾಡಿದ್ದಾರೆ ಅಂತ ಹುಡುಕಿ. ಹಳೆಯ ಆರಾಧನಾ ಹಾಳೆಗಳು, ಪ್ರೊಜೆಕ್ಟರ್ ಕಂಪ್ಯೂಟರ್‌ನಲ್ಲಿ ಬಿದ್ದಿರುವ ಫೈಲುಗಳು, ಕ್ವಾಯರ್‌ನ ಹಿರಿಯರ ನೋಟ್‌ಬುಕ್, ಎಲ್ಲಾದರೂ ಸಿಗುತ್ತದೆ. ಸಿಕ್ಕಿದ್ದನ್ನು ಮೂರು ಪಾಲು ಮಾಡಿ: ಪುಸ್ತಕ ನೋಡದೆ ಹಾಡುವಂಥವು, ಪಲ್ಲವಿ ಮಾತ್ರ ಗೊತ್ತಿರುವಂಥವು, ಕ್ವಾಯರ್‌ಗೆ ಮಾತ್ರ ಬರುವಂಥವು. ಮೊದಲ ಪಾಲು ನಿಮ್ಮ ಬಂಡವಾಳ. ಅದು ಅರವತ್ತೆಪ್ಪತ್ತು ಹಾಡು ಇದ್ದರೆ ನೀವು ಅದೃಷ್ಟವಂತರು.

ಆಮೇಲೆ ನಿಮ್ಮ ಸಭೆಯ ಸಂಪ್ರದಾಯ ತಿಳಿದುಕೊಳ್ಳಿ. ಎಲ್ಲ ಚರ್ಚೂ ಒಂದೇ ಅಲ್ಲ. ಬಹುತೇಕ ಆರ್ಥೊಡಾಕ್ಸ್ ಸಭೆಗಳಲ್ಲಿ ವಾದ್ಯವೇ ಇಲ್ಲ, ಬರೀ ಕಂಠ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ (ಮಾಸ್, ಅವರ ಮುಖ್ಯ ಆರಾಧನೆ) ಯಾವ ಜಾಗದಲ್ಲಿ ಯಾವ ಪಠ್ಯ ಅನ್ನುವುದು ಬಹಳ ಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ, ಅದನ್ನು ಕಿತ್ತು ನಿಮಗಿಷ್ಟದ ಹಾಡು ತುರುಕುವಂತಿಲ್ಲ. ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನೆಯ ದಸ್ತಾವೇಜಿನಲ್ಲಿ ಪೈಪ್ ಆರ್ಗನ್‌ಗೆ ದೊಡ್ಡ ಗೌರವ ಕೊಟ್ಟಿದ್ದಾರೆ, ಆದರೆ ಅದೇ ದಸ್ತಾವೇಜು ಮತ್ತೆ ಮತ್ತೆ ಹೇಳುವುದು ಜನರು ಪೂರ್ತಿಯಾಗಿ, ಸಕ್ರಿಯವಾಗಿ ಭಾಗವಹಿಸಬೇಕು ಅಂತ. ನಮ್ಮ ಅಜ್ಜಿ ಹೇಳಿದ್ದೂ ಅದನ್ನೇ ಅಲ್ವಾ. ಸ್ವತಂತ್ರ ಸಭೆಗಳಲ್ಲಿ ಕಟ್ಟುಪಾಡು ಕಡಿಮೆ, ಆದರೆ ಅಲ್ಲೂ ಬರೆಯದ ನಿಯಮಗಳಿರುತ್ತವೆ, ಮುರಿದಾಗಲೇ ಗೊತ್ತಾಗುವಂಥವು.

ಪಾದ್ರಿಯವರ ಜೊತೆ ಒಂದು ಗಂಟೆ ಕೂತು ಮೂರು ಪ್ರಶ್ನೆ ಕೇಳಿಬಿಡಿ. ಹಾಡಿನ ವಿಷಯದಲ್ಲಿ ಕೊನೆಯ ಮಾತು ಯಾರದು? ಎಷ್ಟು ದಿನ ಮುಂಚೆ ಪಟ್ಟಿ ಬೇಕು? ಇಲ್ಲಿ ಏನನ್ನು ಮುಟ್ಟಬಾರದು? ಮೂರನೇ ಪ್ರಶ್ನೆಗೆ ಅವರು ನಕ್ಕು ಸುಮ್ಮನಾದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ.

ವರ್ಷದ ಲೆಕ್ಕ

ಚರ್ಚಿನ ವರ್ಷ ಜನವರಿಯಲ್ಲಿ ಶುರುವಾಗಲ್ಲ. ಪಾಶ್ಚಾತ್ಯ ಸಂಪ್ರದಾಯದಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ, ಅಂದರೆ ಆಗಮನ ಕಾಲದ ಮೊದಲ ಭಾನುವಾರ, ಹೊಸ ವರ್ಷ. ಕ್ಯಾಥೊಲಿಕ್ ಸಭೆಯಲ್ಲೂ, 1992ರ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿ (ಯಾವ ದಿನ ಬೈಬಲಿನ ಯಾವ ಭಾಗ ಓದಬೇಕು ಅನ್ನುವ ಪಟ್ಟಿ) ಬಳಸುವ ಪ್ರೊಟೆಸ್ಟಂಟ್ ಸಭೆಗಳಲ್ಲೂ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗುತ್ತವೆ. ಎ ವರ್ಷ ಮುಖ್ಯವಾಗಿ ಮತ್ತಾಯನ ಸುವಾರ್ತೆ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಯೋಹಾನ ಮೂರೂ ವರ್ಷ ಹಂಚಿಹೋಗಿದ್ದಾನೆ. ಈಗ ಯಾವ ವರ್ಷ ಅಂತ ತಿಳಿಯಲು ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಬಂದರೆ ಎ, 2 ಬಂದರೆ ಬಿ, ಏನೂ ಉಳಿಯದಿದ್ದರೆ ಸಿ. 2026 ಎ, 2027 ಬಿ. ಒಂದೇ ಎಚ್ಚರ: ಆಗಮನ ಕಾಲ ಶುರುವಾದ ತಕ್ಷಣ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು.

ಇದರಿಂದ ನಿಮಗೇನು ಲಾಭ? ಮೂರು ವರ್ಷದ ಹಿಂದಿನ ಪಟ್ಟಿ ಇಟ್ಟುಕೊಂಡಿದ್ದರೆ ಈ ವಾರದ ಅರ್ಧ ಕೆಲಸ ಮುಗಿದ ಹಾಗೆ. ನಾನು ಮೊದಲ ಮೂರು ವರ್ಷ ಇದನ್ನು ಬರೆದಿಡಲಿಲ್ಲ. ಆಮೇಲಿನ ಮೂರು ವರ್ಷ ಎಲ್ಲವನ್ನೂ ಹೊಸದಾಗಿ ಹುಡುಕಿದೆ.

ಈಸ್ಟರ್ ಯಾವಾಗ ಅಂತ ಮೊದಲೇ ನೋಡಿಡಿ. ಮಾರ್ಚ್ 21 ಅಥವಾ ಅದಾದ ಮೇಲಿನ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ, ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳಬಹುದು. 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ. ಈಸ್ಟರ್ ಬೇಗ ಬಂದ ವರ್ಷ ಕ್ರಿಸ್‌ಮಸ್ ಸುಸ್ತು ಇಳಿಯುವ ಮೊದಲೇ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಬಾಗಿಲಲ್ಲಿ ನಿಂತಿರುತ್ತದೆ. ಪವಿತ್ರ ವಾರದ ತಯಾರಿಯನ್ನು ಕಡಿಮೆ ಅಂದರೂ ಹತ್ತು ವಾರ ಮುಂಚೆ ಶುರು ಮಾಡಿ, ಯಾಕೆಂದರೆ ಗರಿಗಳ ಭಾನುವಾರದಿಂದ ಈಸ್ಟರ್ ತನಕದ ಎಂಟು ದಿನದಲ್ಲಿ ಬೇಕಾಗುವಷ್ಟು ಹಾಡು ಬೇರೆ ಯಾವ ವಾರದಲ್ಲೂ ಬೇಕಾಗಲ್ಲ, ಅದೂ ವರ್ಷಕ್ಕೊಮ್ಮೆ ಮಾತ್ರ ಹಾಡುವಂಥವು, ಎಲ್ಲರೂ ಮರೆತಿರುವಂಥವು.

ರೋಮನ್ ಕ್ಯಾಥೊಲಿಕ್ ಚರ್ಚಿನಲ್ಲಿದ್ದರೆ ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ತಪಸ್ಸುಕಾಲದಲ್ಲಿ ಅಲ್ಲೆಲೂಯ ಇಲ್ಲ, ಭಾನುವಾರದ ಮಹಿಮಾಗೀತೆ (ಗ್ಲೋರಿಯ) ಇಲ್ಲ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ಮರೆತು ಒಂದು ಹಾಡಿನ ಕೊನೆಯಲ್ಲಿ ಅಲ್ಲೆಲೂಯ ಬಂದುಬಿಟ್ಟರೆ ಆಕಾಶ ಬೀಳಲ್ಲ, ಆದರೆ ಕನಿಷ್ಠ ಐದು ಜನ ಬಂದು ಹೇಳುತ್ತಾರೆ.

ಸೋಮವಾರ, ಮಂಗಳವಾರ: ಹಾಡು ಆರಿಸುವುದು

ವಾಚನಗಳನ್ನು ಎರಡು ಸಲ ಓದಿ. ಕುರುಬನ ಮಾತು ಬಂತು, ಕುರುಬನ ಹಾಡು ಹಾಕೋಣ ಅನ್ನುವುದು ಸುಲಭದ ದಾರಿ, ತಪ್ಪೇನಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈ ಹಾಡು ನಡೆಯುವಾಗ ಜನ ಏನು ಮಾಡುತ್ತಿರುತ್ತಾರೆ? ಪ್ರವೇಶದ ಹಾಡಿಗೆ ಎಲ್ಲರೂ ನಿಂತಿರುತ್ತಾರೆ, ಕೈಯಲ್ಲಿ ಪುಸ್ತಕ ಇರುತ್ತದೆ. ಇಲ್ಲಿ ಗಟ್ಟಿ ಹಾಡು ಹಾಕಿ. ಕಾಣಿಕೆ ಹೊತ್ತಿನಲ್ಲಿ ಅರ್ಧ ಜನ ಜೇಬು ತಡಕುತ್ತಿರುತ್ತಾರೆ. ಕ್ವಾಯರ್ ಒಬ್ಬಂಟಿಯಾಗಿ ಹಾಡಲು ಇದೇ ಒಳ್ಳೆಯ ಜಾಗ. ಪ್ರಸಾದಕ್ಕೆ ಸಾಲಿನಲ್ಲಿ ಹೋಗುವವರ ಕೈಯಲ್ಲಿ ಪುಸ್ತಕ ಇರಲ್ಲ. ಅಲ್ಲಿ ಚಿಕ್ಕ ಪಲ್ಲವಿ ಇರುವ ಹಾಡು ಬೇಕು, ಚರಣ ಕ್ವಾಯರ್ ಹಾಡಲಿ, ಪಲ್ಲವಿ ಜನ ನಡೆಯುತ್ತಲೇ ಹಾಡಲಿ.

ಸಮಯ ಲೆಕ್ಕ ಹಾಕಿ. 300 ಜನ, ಎರಡು ಸಾಲು, ಒಬ್ಬರಿಗೆ ನಾಲ್ಕು ಸೆಕೆಂಡ್ ಅಂದರೂ ಹತ್ತು ನಿಮಿಷ. ನಾಲ್ಕು ಚರಣದ ಹಾಡು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಆರು ನಿಮಿಷ ಏನು ಮಾಡುತ್ತೀರಿ? ಎರಡನೇ ಹಾಡು, ಇಲ್ಲ ವಾದ್ಯ, ಇಲ್ಲ ಮೌನ. ಮೌನಕ್ಕೂ ಒಂದು ಜಾಗ ಇದೆ, ಅದನ್ನು ತುಂಬಲೇಬೇಕು ಅಂತೇನಿಲ್ಲ. ಆದರೆ ಅದು ನೀವು ಆರಿಸಿದ ಮೌನ ಆಗಿರಬೇಕು, ಹಾಡು ಖಾಲಿಯಾಗಿ ಬಂದ ಮೌನ ಅಲ್ಲ.

ಶ್ರುತಿ ವಿಷಯದಲ್ಲಿ ಜನರ ಮೇಲೆ ಕರುಣೆ ಇರಲಿ. ತರಬೇತಿ ಇಲ್ಲದ ಗಂಟಲಿಗೆ ಮಧ್ಯದ ಸಿ ಸ್ವರದಿಂದ ಮೇಲಿನ ಸ್ಥಾಯಿಯ ಡಿ ತನಕ ಆರಾಮ, ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಡಿಗಿಂತ ಅರೆಸ್ವರ ಮೇಲಿನ ಇ-ಫ್ಲಾಟ್ ಒಮ್ಮೊಮ್ಮೆ ಬಂದರೆ ಪರವಾಗಿಲ್ಲ. ಅದಕ್ಕೂ ಮೇಲೆ ಹೋದರೆ ಮೊದಲು ಗಂಡಸರು ನಿಲ್ಲಿಸುತ್ತಾರೆ, ಆಮೇಲೆ ಉಳಿದವರು. ಬೆಳಗ್ಗೆ ಏಳು ಗಂಟೆಯ ಆರಾಧನೆಗೆ ಇನ್ನೂ ಒಂದು ಸ್ವರ ಇಳಿಸಿ, ಗಂಟಲು ಇನ್ನೂ ಎದ್ದಿರಲ್ಲ. ಧ್ವನಿಮುದ್ರಣದಲ್ಲಿ ಕೇಳಿದ ಹಾಡನ್ನು ಅದೇ ಸ್ಕೇಲ್‌ನಲ್ಲಿ ತರುವುದು ಇವತ್ತು ಎಲ್ಲ ಕಡೆ ಕಾಣುವ ತಪ್ಪು. ಅದನ್ನು ಹಾಡಿದವರು ವೃತ್ತಿಪರ ಗಾಯಕರು, ನಿಮ್ಮ ಮೂರನೇ ಬೆಂಚಿನವರಲ್ಲ.

ಹೊಸ ಹಾಡು ತಿಂಗಳಿಗೆ ಒಂದೇ. ಕಲಿಸುವ ರೀತಿ ಹೀಗೆ: ಮೊದಲ ವಾರ ಧಾಟಿಯನ್ನು ವಾದ್ಯದಲ್ಲಿ ಮಾತ್ರ ನುಡಿಸಿ, ಯಾರಿಗೂ ಹೇಳಬೇಡಿ. ಎರಡನೇ ವಾರ ಕಾಣಿಕೆಯ ಹೊತ್ತಿನಲ್ಲಿ ಕ್ವಾಯರ್ ಹಾಡಲಿ. ಮೂರನೇ ವಾರ ಆರಾಧನೆಗೆ ಐದು ನಿಮಿಷ ಮುಂಚೆ ಪಲ್ಲವಿ ಹೇಳಿಕೊಟ್ಟು ಎಲ್ಲರ ಜೊತೆ ಹಾಡಿಸಿ. ಆಮೇಲೆ ಸತತ ಎರಡು ವಾರ ಅದನ್ನೇ ಮತ್ತೆ ಹಾಡಿಸಿ. ಕ್ವಾಯರ್‌ಗೆ ಬೇಜಾರು ಬರುತ್ತದೆ, ಬರಲಿ. ಕ್ವಾಯರ್‌ಗೆ ಸಾಕಾಯಿತು ಅನ್ನಿಸುವ ಹೊತ್ತಿಗೆ ಸಭೆಗೆ ಬಾಯಿಗೆ ಬಂದಿರುತ್ತದೆ.

ಇನ್ನೊಂದು ಉಪಾಯ. ಹಲವು ಕೀರ್ತನೆ ಪುಸ್ತಕಗಳಲ್ಲಿ ಹಾಡಿನ ಮೇಲೆ 8.6.8.6 ಅಂತ ಅಂಕಿ ಇರುತ್ತದೆ. ಪ್ರತಿ ಸಾಲಿನಲ್ಲಿ ಎಷ್ಟು ಅಕ್ಷರ ಅನ್ನುವ ಲೆಕ್ಕ ಅದು. ಒಂದೇ ಅಂಕಿ ಇರುವ ಹಾಡುಗಳ ಧಾಟಿ ಬಹಳ ಸಲ ಅದಲು ಬದಲು ಮಾಡಬಹುದು, ಅಂದರೆ ಹೊಸ ಪದಗಳನ್ನು ಜನಕ್ಕೆ ಗೊತ್ತಿರುವ ಧಾಟಿಗೆ ಕೂರಿಸಬಹುದು. ಆದರೆ ಕೂರಿಸಿದ ಮೇಲೆ ಒಮ್ಮೆ ಜೋರಾಗಿ ಹಾಡಿ ನೋಡಲೇಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. "ನನ್ನ ಬಲವು ನೀನೇ" ಅನ್ನುವ ಸಾಲಿನಲ್ಲಿ 'ಬ' ಮೇಲೆ ಉದ್ದನೆಯ ಸ್ವರ ಬಿದ್ದರೆ ದೇವರು ನಮ್ಮ ಬಾಲ ಆಗಿಬಿಡುತ್ತಾನೆ. ಇದು ತಮಾಷೆಗೆ ಹೇಳಿದ್ದಲ್ಲ, ಮಕ್ಕಳ ಸಾಲು ಪೂರ್ತಿ ನಗುತ್ತಾ ಕೂತಿದ್ದನ್ನು ನಾನೇ ನೋಡಿದ್ದೇನೆ.

ಬುಧವಾರ: ಹಾಳೆ, ಮೆಸೇಜು, ಹಕ್ಕು

ಪಟ್ಟಿ ಪಾದ್ರಿಯವರಿಗೆ, ವಾದ್ಯ ನುಡಿಸುವವರಿಗೆ, ಪರದೆ ನೋಡಿಕೊಳ್ಳುವವರಿಗೆ, ಸೌಂಡ್ ಹುಡುಗರಿಗೆ ಒಂದೇ ದಿನ, ಒಂದೇ ರೂಪದಲ್ಲಿ ಹೋಗಲಿ. ಹಾಡಿನ ಹೆಸರು, ಸಂಖ್ಯೆ, ಸ್ಕೇಲ್, ಯಾವ ಯಾವ ಚರಣ, ಅಷ್ಟು ಸಾಕು. "ಚರಣ 1, 2, 4" ಅಂತ ನೀವು ಬರೆಯದಿದ್ದರೆ ಪರದೆಯಲ್ಲಿ ಮೂರನೆಯದು ಬಂದೇ ಬರುತ್ತದೆ.

ಕೃತಿಸ್ವಾಮ್ಯ ಬೇಸರದ ವಿಷಯ, ಆದರೆ ದಾಟುವಂತಿಲ್ಲ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ರಚಿಸಿದವರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕು ಇರುತ್ತದೆ, ಬಹಳ ದೇಶಗಳಲ್ಲಿ ಅದು 60 ಅಥವಾ 70. ಹಾಡು ಇನ್ನೂರು ವರ್ಷ ಹಳೆಯದಾದರೂ ಅದರ ಅನುವಾದ ಅಥವಾ ನಾಲ್ಕು ಧ್ವನಿಯ ಹೊಂದಿಕೆ ಹೊಸದಾಗಿರಬಹುದು, ಅದಕ್ಕೆ ಬೇರೆ ಹಕ್ಕು. ಆರಾಧನೆಯಲ್ಲಿ ಹಾಡುವುದಕ್ಕೆ ಹಲವು ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ, ಆದರೆ ಝೆರಾಕ್ಸ್ ಮಾಡುವುದು, ಪರದೆ ಮೇಲೆ ಹಾಕುವುದು, ಲೈವ್ ಬಿಡುವುದು ಬೇರೆ ಬೇರೆ ಮಾತು. ಸಿಸಿಎಲ್‌ಐ, ಒನ್ ಲೈಸೆನ್ಸ್ ಥರದ ಪರವಾನಗಿಗಳು ಇರುವುದು ಇದಕ್ಕೇ. ನಿಮ್ಮ ಹಾಡುಗಳು ಅವುಗಳ ಪಟ್ಟಿಯಲ್ಲಿವೆಯಾ ಅಂತ ನೋಡಿ. ಇಲ್ಲದಿದ್ದರೆ ಬರೆದವರಿಗೇ ಒಂದು ಪತ್ರ ಹಾಕಿ. ನಾನು ಬರೆದಾಗೆಲ್ಲ ಹೆಚ್ಚಿನವರು ಖುಷಿಯಿಂದಲೇ ಒಪ್ಪಿದ್ದಾರೆ.

ಗುರುವಾರ ಸಂಜೆ: ಅಭ್ಯಾಸ

ಇಡೀ ವಾರದ ಜೀವ ಇರುವುದು ಈ ಒಂದೂವರೆ ಗಂಟೆಯಲ್ಲಿ. ಬರುವವರು ದಿನವಿಡೀ ದುಡಿದು ಬಂದಿರುತ್ತಾರೆ, ಯಾರಿಗೂ ಸಂಬಳ ಇಲ್ಲ. ಅವರ ಸಮಯ ಹಾಳು ಮಾಡಿದರೆ ಎರಡು ವಾರ ಸಹಿಸುತ್ತಾರೆ, ಮೂರನೇ ವಾರ ನೆಗಡಿ ಅಂತ ಮೆಸೇಜು ಬರುತ್ತದೆ.

ಹೇಳಿದ ಹೊತ್ತಿಗೆ ಶುರು ಮಾಡಿ, ಇಬ್ಬರೇ ಇದ್ದರೂ. ಮೊದಲ ಎಂಟು ಹತ್ತು ನಿಮಿಷ ಮೈ ಸಡಿಲ ಮಾಡಿಸಿ: ಹೆಗಲು ತಿರುಗಿಸಿ, ಆಕಳಿಸಿ, ತುಟಿಯನ್ನು ಬುರ್ರ್ ಅನ್ನಿಸುತ್ತಾ ಐದು ಸ್ವರ ಏರಿ ಇಳಿಯಿರಿ, ಆಮೇಲೆ 'ಮ', ಆಮೇಲೆ 'ಊ', 'ಆ'. ಮಧ್ಯ ಸ್ಥಾಯಿಯಲ್ಲಿ ಶುರು ಮಾಡಿ, ಮೇಲಿನದಕ್ಕೆ ಅವಸರ ಬೇಡ. ಮೊದಲ ಹಾಡು ಎಲ್ಲರಿಗೂ ಬರುವಂಥದ್ದಿರಲಿ. ತಡವಾಗಿ ಬಂದವರು ಅಷ್ಟರಲ್ಲಿ ಕೂತಿರುತ್ತಾರೆ. ಕಷ್ಟದ ಹಾಡು ಎರಡನೆಯದು, ತಲೆ ಚುರುಕಾಗಿರುವಾಗ. ಕೊನೆಯ ಹಾಡು ಮತ್ತೆ ಚೆನ್ನಾಗಿ ಬರುವಂಥದ್ದು, ಅವರು ಮನೆಗೆ ಹೋಗುವಾಗ ಬಾಯಲ್ಲಿ ಅದೇ ಇರಬೇಕು.

ಕಷ್ಟದ ಹಾಡನ್ನು ಮೊದಲಿಂದ ಕೊನೆಗೆ ಹಾಡಿಸುತ್ತಾ ಕೂರಬೇಡಿ. ಹಾಗೆ ಮಾಡಿದರೆ ಮೊದಲ ಪುಟ ಇಪ್ಪತ್ತು ಸಲ, ಕೊನೆಯ ಪುಟ ಎರಡೇ ಸಲ ಆಗುತ್ತದೆ. ಕೊನೆಯ ಪುಟದಿಂದ ಹಿಂದಕ್ಕೆ ಬನ್ನಿ. ಆಗ ಹಾಡು ಮುಂದೆ ಹೋದಷ್ಟೂ ಧೈರ್ಯ ಜಾಸ್ತಿಯಾಗುತ್ತದೆ. ಒಂದು ಧ್ವನಿಗೆ ಹೇಳಿಕೊಡುವಾಗ ಉಳಿದ ಮೂರು ಧ್ವನಿಯವರು ಮಾತಿಗೆ ಶುರು ಹಚ್ಚುತ್ತಾರೆ, ತಪ್ಪು ಅವರದಲ್ಲ. ಅವರಿಗೆ ತಮ್ಮ ಭಾಗವನ್ನು ಬಾಯಿ ಮುಚ್ಚಿ ಗುನುಗಲು ಹೇಳಿ. ಟೆನರ್ ಮತ್ತು ಬಾಸ್ (ಗಂಡಸರ ಮೇಲಿನ, ಕೆಳಗಿನ ಧ್ವನಿ) ಒಟ್ಟಿಗೆ, ಸೊಪ್ರಾನೊ ಮತ್ತು ಆಲ್ಟೊ (ಹೆಂಗಸರ ಮೇಲಿನ, ಕೆಳಗಿನ ಧ್ವನಿ) ಒಟ್ಟಿಗೆ, ಆಮೇಲೆ ಬಾಸ್ ಮತ್ತು ಸೊಪ್ರಾನೊ. ಈ ಕೊನೆಯ ಜೋಡಿ ಗಟ್ಟಿಯಾದರೆ ಮಧ್ಯದವರು ತಾವಾಗಿ ಕೂರುತ್ತಾರೆ.

ನೀವು ಅವರ ಜೊತೆ ಹಾಡಬೇಡಿ. ನನಗೆ ಇದು ಬಿಡಲು ಬಹಳ ಕಷ್ಟವಾಯಿತು. ನೀವು ಹಾಡುತ್ತಿದ್ದರೆ ನಿಮಗೆ ಕೇಳುವುದು ನಿಮ್ಮದೇ ಧ್ವನಿ, ಅವರ ತಪ್ಪುಗಳು ಕೇಳಲ್ಲ. ಮಾತೂ ಕಡಿಮೆ ಮಾಡಿ. "ಇಲ್ಲಿ ಭಾವ ತುಂಬಿ ಹಾಡಿ" ಅಂದರೆ ಯಾರಿಗೂ ಏನೂ ತಿಳಿಯಲ್ಲ. "ಮೂರನೇ ಸಾಲಿನ ನಡುವೆ ಉಸಿರು ತೆಗೆಯಬೇಡಿ, 'ಕರುಣೆ' ಆದ ಮೇಲೆ ತೆಗೆಯಿರಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ" ಅಂದರೆ ಮುಂದಿನ ವಾರವೂ ನೆನಪಿರುತ್ತದೆ. ಪೆನ್ಸಿಲ್ ಡಬ್ಬ ನೀವೇ ಇಟ್ಟುಕೊಳ್ಳಿ, ಅವರು ತರಲ್ಲ.

ಸ್ವರಲಿಪಿ ಬರದವರಿಗೆ ಏನು ಮಾಡುವುದು? ಸ್ವಲ್ಪ ಸ್ವಲ್ಪ ಕಲಿಸಿ, ಅಭ್ಯಾಸಕ್ಕೊಂದು ಐದು ನಿಮಿಷ. ಇದು ಹೊಸ ತಲೆನೋವಲ್ಲ. 11ನೇ ಶತಮಾನದಲ್ಲಿ ಇಟಲಿಯ ಅರೆಝೊದಲ್ಲಿದ್ದ ಗ್ವಿಡೊ ಅನ್ನುವ ಸನ್ಯಾಸಿಗೆ ಇದೇ ಸಮಸ್ಯೆ ಇತ್ತು, ಹುಡುಗರು ಬರೀ ಕೇಳಿ ಕಲಿಯಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಅವರು ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನೇ ಸ್ವರದ ಹೆಸರು ಮಾಡಿಕೊಂಡು ಕಲಿಸಿದರು: ಉತ್, ರೆ, ಮಿ, ಫಾ, ಸೋಲ್, ಲಾ. ನಮ್ಮ ಡೋ ರೆ ಮಿ ಬಂದದ್ದು ಅಲ್ಲಿಂದ. ಸರಿಗಮ ಕಲಿತವರು ನಿಮ್ಮ ಕ್ವಾಯರ್‌ನಲ್ಲಿದ್ದರೆ ಸಾ ರಿ ಗ ಅಂತಲೇ ಹಾಡಿಸಿ, ಕೆಲಸ ಒಂದೇ. ಉಳಿದವರಿಗೆ ಪ್ರತಿ ಧ್ವನಿಯನ್ನು ಬೇರೆ ಬೇರೆಯಾಗಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿ.

ಸಿಕ್ಕವರಲ್ಲೇ ಹಾಡಿಸುವುದು

ಜರ್ಮನಿಯ ದೊಡ್ಡ ಸಂಗೀತ ರಚನಕಾರ ಬಾಖ್ 1723ರಿಂದ ಸಾಯುವ ತನಕ ಲೈಪ್‌ಜಿಗ್ ನಗರದಲ್ಲಿ ಇದೇ ಕೆಲಸ ಮಾಡಿದವರು. 1730ರ ಆಗಸ್ಟ್‌ನಲ್ಲಿ ಅವರು ನಗರಸಭೆಗೆ ಒಂದು ದೂರಿನ ಪತ್ರ ಬರೆದರು. ಕೊನೆಯಲ್ಲಿ ತಮ್ಮ ಹಾಡುಗಾರ ಹುಡುಗರ ಲೆಕ್ಕ: 17 ಜನ ಕೆಲಸಕ್ಕೆ ಬರುವವರು, 20 ಜನ ಇನ್ನೂ ತಯಾರಾಗದವರು, 17 ಜನ ಯಾವುದಕ್ಕೂ ಆಗದವರು. ನನಗೆ ಬೇಜಾರಾದಾಗ ಈ ಲೆಕ್ಕ ನೆನಪಿಸಿಕೊಳ್ಳುತ್ತೇನೆ.

ನಿಮಗೆ ಟೆನರ್ ಒಬ್ಬರೇ ಇದ್ದರೆ ನಾಲ್ಕು ಧ್ವನಿಯ ಆಸೆ ಬಿಡಿ, ಗಂಡಸರೆಲ್ಲ ಒಂದೇ ಸಾಲು ಹಾಡುವ ಮೂರು ಧ್ವನಿಯ ಹೊಂದಿಕೆ ಹುಡುಕಿ. ಎಲ್ಲರೂ ಒಂದೇ ಧಾಟಿ ಶ್ರುತಿಬದ್ಧವಾಗಿ ಹಾಡುವುದು ಕೆಟ್ಟ ನಾಲ್ಕು ಧ್ವನಿಗಿಂತ ಎಷ್ಟೋ ಮೇಲು. ಹನ್ನೆರಡು ಹದಿಮೂರು ವರ್ಷದ ಹುಡುಗರ ಧ್ವನಿ ಒಡೆಯುವಾಗ ಅವರನ್ನು ಕಳಿಸಿಬಿಡಬೇಡಿ. ಒಮ್ಮೆ ಹೋದವರು ತಿರುಗಿ ಬರಲ್ಲ. ಐದಾರು ಸ್ವರದ ಒಳಗೆ ಅವರಿಗೆ ಒಂದು ಸಾಲು ಬರೆದುಕೊಡಿ, ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಿ ನೋಡಿ.

ಶ್ರುತಿ ತಪ್ಪಿ ಜೋರಾಗಿ ಹಾಡುವವರು ಪ್ರತಿ ಕ್ವಾಯರ್‌ನಲ್ಲೂ ಒಬ್ಬರಾದರೂ ಇರುತ್ತಾರೆ, ಮತ್ತು ಸಾಮಾನ್ಯವಾಗಿ ಒಂದು ವಾರವೂ ತಪ್ಪಿಸದವರು ಅವರೇ. ಎಲ್ಲರ ಮುಂದೆ ಏನೂ ಹೇಳಬೇಡಿ. ಗಟ್ಟಿ ಹಾಡುಗಾರರ ಪಕ್ಕ ನಿಲ್ಲಿಸಿ. ಅಭ್ಯಾಸಕ್ಕೆ ಹತ್ತು ನಿಮಿಷ ಬೇಗ ಕರೆದು ಒಂದು ಸ್ವರ ಹಾಡಿಸಿ, ಅವರು ಹಿಡಿದ ಸ್ವರಕ್ಕೆ ನೀವು ಹೋಗಿ ಸೇರಿ, ಅಲ್ಲಿಂದ ಒಂದೊಂದೇ ಸ್ವರ ಸರಿಸಿ. ಬಹಳ ಜನಕ್ಕೆ ಕಿವಿ ಸರಿಯಾಗೇ ಇರುತ್ತದೆ, ಗಂಟಲಿಗೆ ದಾರಿ ಗೊತ್ತಿರಲ್ಲ ಅಷ್ಟೇ. ಇನ್ನೊಂದು ಬಗೆಯವರು ಕಷ್ಟ: ಇಪ್ಪತ್ತು ವರ್ಷದಿಂದ ಒಬ್ಬರೇ ಸೋಲೊ ಹಾಡುತ್ತಾ ಬಂದವರು. ಅವರಿಂದ ಕಿತ್ತುಕೊಳ್ಳಬೇಡಿ, ಅವರಿಂದಲೇ ಒಬ್ಬ ಹುಡುಗಿಗೆ ಆ ಸೋಲೊ ಹೇಳಿಕೊಡಿಸಿ. ನಮ್ಮಲ್ಲಿ ಅದು ಕೆಲಸ ಮಾಡಿತು. ಎಲ್ಲ ಕಡೆ ಮಾಡುತ್ತದೆ ಅಂತ ಮಾತು ಕೊಡಲಾರೆ.

ಶನಿವಾರ: ವಾದ್ಯ, ಮೈಕು

ಪೈಪ್ ಆರ್ಗನ್ ಇದ್ದರೆ ತಾಪಮಾನ ಗಮನಿಸಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಳವೆಗಳ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಒಂದು ಅರೆಸ್ವರಕ್ಕೆ 100 ಸೆಂಟ್). ಎಂಟು ಡಿಗ್ರಿ ವ್ಯತ್ಯಾಸ ಆದರೆ ಹತ್ತಿರಹತ್ತಿರ ಕಾಲು ಅರೆಸ್ವರ. ನಾಲಿಗೆ ಇರುವ ರೀಡ್ ಕೊಳವೆಗಳು ಅಷ್ಟು ಏರಲ್ಲ, ಆಗ ಎರಡೂ ಒಂದಕ್ಕೊಂದು ಹೊಂದಲ್ಲ. ಹಾಗಾಗಿ ಶ್ರುತಿ ಮಾಡುವವರು ಬರುವ ದಿನ ಒಳಗಿನ ತಾಪ ಆರಾಧನೆಯ ಹೊತ್ತಿನ ಹಾಗೇ ಇರಬೇಕು.

ಕೀಬೋರ್ಡ್ ಇದ್ದರೆ ಒಂದೇ ಮಂತ್ರ: ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಸೊನ್ನೆಯಲ್ಲಿದೆಯಾ ನೋಡಿ. ಒಮ್ಮೆ ಶನಿವಾರದ ಅಭ್ಯಾಸದಲ್ಲಿ ಮೂರು ಅರೆಸ್ವರ ಏರಿಸಿ ಹಾಗೇ ಬಿಟ್ಟು ಹೋಗಿದ್ದೆ. ಭಾನುವಾರ ಪ್ರವೇಶದ ಹಾಡಿನ ಎರಡನೇ ಸಾಲಿಗೆ ಇಡೀ ಸಭೆ ಕಿರುಚುತ್ತಿತ್ತು, ಮೂರನೇ ಸಾಲಿಗೆ ಯಾರೂ ಇರಲಿಲ್ಲ.

ಖಾಲಿ ಚರ್ಚಿನಲ್ಲಿ ಮೈಕ್ ಪರೀಕ್ಷೆ ಮಾಡಿದಾಗ ಸದ್ದು ಜಾಸ್ತಿ ಗುಂಯ್‌ಗುಡುತ್ತದೆ. ಜನ ತುಂಬಿದರೆ ಅವರ ಬಟ್ಟೆ ಮೈ ಸದ್ದನ್ನು ಹೀರುತ್ತವೆ, ಅದಕ್ಕೆ ಸ್ವಲ್ಪ ಜಾಗ ಬಿಟ್ಟು ಹೊಂದಿಸಿ. ಕಲ್ಲಿನ ದೊಡ್ಡ ಕಟ್ಟಡದಲ್ಲಿ ಒಂದು ಸದ್ದು ಮೂರು ನಾಲ್ಕು ಸೆಕೆಂಡ್ ಸುತ್ತುತ್ತಿರುತ್ತದೆ. ಅಲ್ಲಿ ವೇಗ ತಗ್ಗಿಸಿ, ವ್ಯಂಜನಗಳನ್ನು ಬಿಡಿಸಿ ಹೇಳಿಸಿ. ಮತ್ತೆ ಮುಂದೆ ನಿಂತು ಹಾಡಿಸುವವರಿಗೆ ಒಂದು ಮಾತು: ಜನ ಹಾಡು ಹಿಡಿದ ಮೇಲೆ ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸ್ಪೀಕರ್‌ನಲ್ಲಿ ನಿಮ್ಮ ಧ್ವನಿ ಮಾತ್ರ ತುಂಬಿದ್ದರೆ ಪಕ್ಕದವರ ಧ್ವನಿ ಕೇಳಲ್ಲ. ಪಕ್ಕದವರು ಹಾಡುತ್ತಿಲ್ಲ ಅನ್ನಿಸಿದ ತಕ್ಷಣ ತಾವೂ ನಿಲ್ಲಿಸುತ್ತಾರೆ.

ಭಾನುವಾರ

ಒಂದೂಕಾಲು ಗಂಟೆ ಮುಂಚೆ ಹೋಗಿ. ಬೀಗದ ಕೈ ಸಿಗಲ್ಲ, ಪುಸ್ತಕ ಯಾರೋ ಒಯ್ದಿರುತ್ತಾರೆ, ಆಲ್ಟೊದ ಮುಖ್ಯ ಹಾಡುಗಾರ್ತಿಗೆ ಜ್ವರ, ಇವೆಲ್ಲ ಮಾಮೂಲಿ. ಚೀಲದಲ್ಲಿ ಇವು ಇರಲಿ: ಎಲ್ಲ ಹಾಡಿನ ಒಂದು ಹೆಚ್ಚುವರಿ ಪ್ರತಿ, ಬಟ್ಟೆ ಕ್ಲಿಪ್ಪು (ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆ), ಬ್ಯಾಟರಿ, ಪೆನ್ಸಿಲ್, ನೀರು. ಕ್ವಾಯರ್‌ಗೆ ಇಪ್ಪತ್ತು ನಿಮಿಷದ ತಾಲೀಮು ಸಾಕು. ಪೂರ್ತಿ ಹಾಡಿಸಬೇಡಿ, ಶುರು, ಮುಕ್ತಾಯ, ಎಡವುವ ಜಾಗ, ಅಷ್ಟೇ. ಅಲ್ಲೇ ಗಂಟಲು ಖರ್ಚು ಮಾಡಿದರೆ ಆರಾಧನೆಗೆ ಏನು ಉಳಿಯುತ್ತದೆ?

ಹಾಡಿಗೆ ಮುಂಚಿನ ವಾದ್ಯದ ತುಣುಕು ಅಲಂಕಾರಕ್ಕಲ್ಲ. ಯಾವ ಹಾಡು, ಯಾವ ಶ್ರುತಿ, ಎಷ್ಟು ವೇಗ ಅನ್ನುವ ಮೂರನ್ನೂ ಅದು ಹೇಳಿಬಿಡಬೇಕು. ಆಮೇಲೆ ಜನ ಉಸಿರು ಎಳೆದುಕೊಳ್ಳಲು ಒಂದು ಜಾಗ, ಪ್ರತಿ ಚರಣದ ನಡುವೆಯೂ ಅಷ್ಟೇ ಅಳತೆಯ ಜಾಗ. ಒಮ್ಮೆ ಎರಡು ತಾಳ, ಇನ್ನೊಮ್ಮೆ ನಾಲ್ಕು ತಾಳ ಬಿಟ್ಟರೆ ಜನ ಧೈರ್ಯವಾಗಿ ಶುರು ಮಾಡಲ್ಲ, ಬೇರೆಯವರು ಶುರು ಮಾಡಲಿ ಅಂತ ಕಾಯುತ್ತಾರೆ. ವಾದ್ಯದವರ ಜೊತೆ ಕೈ ಸನ್ನೆ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಒಂದು ಬೆರಳು ಅಂದರೆ ಇದೇ ಕೊನೆಯ ಚರಣ, ಮುಷ್ಟಿ ಅಂದರೆ ನಿಲ್ಲಿಸು. ಒಂದು ಕಣ್ಣು ಯಾವಾಗಲೂ ಪಾದ್ರಿಯವರ ಮೇಲೆ.

ಶುರುವೇ ತಪ್ಪಿದರೆ ನಿಲ್ಲಿಸಿ ಮತ್ತೆ ಶುರು ಮಾಡಿ. ತಪ್ಪು ಶ್ರುತಿಯಲ್ಲಿ ಐದು ಚರಣ ಎಳೆಯುವುದಕ್ಕಿಂತ ಐದು ಸೆಕೆಂಡ್ ಮುಜುಗರ ವಾಸಿ.

ಮನೆಗೆ ಹೋದ ಮೇಲೆ, ಮಲಗುವ ಮೊದಲು, ನಾಲ್ಕು ಸಾಲು ಬರೆಯಿರಿ. ಯಾವ ಹಾಡಿಗೆ ಜನ ಹಾಡಿದರು, ಯಾವುದಕ್ಕೆ ಸುಮ್ಮನಾದರು, ಪ್ರಸಾದಕ್ಕೆ ಎಷ್ಟು ನಿಮಿಷ ಹಿಡಿಯಿತು. ಸೋಮವಾರ ಬೆಳಗ್ಗೆ ಅದು ನೆನಪಿರಲ್ಲ.

ಫೋನ್ ಬಂದಾಗ: ಮದುವೆ, ಅಂತ್ಯಕ್ರಿಯೆ

ಮದುವೆಯವರನ್ನು ಎರಡು ತಿಂಗಳು ಮುಂಚೆ ಭೇಟಿ ಮಾಡಿ, ಕೈಗೆ ಹದಿನೈದು ಹಾಡಿನ ಪಟ್ಟಿ ಕೊಡಿ. "ನಿಮಗೆ ಏನು ಬೇಕು?" ಅಂತ ಬರೀ ಕೈಯಲ್ಲಿ ಕೇಳಿದರೆ ಸಿನಿಮಾ ಹಾಡು ಬರುತ್ತದೆ. ಆಗ ಇಲ್ಲ ಅನ್ನಬೇಕು, ಅವರ ಮುಖ ಬಾಡುತ್ತದೆ. ಪಟ್ಟಿ ಮುಂದಿದ್ದರೆ ಆರಿಸುತ್ತಾರೆ, ಆ ಸಿನಿಮಾ ಹಾಡನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಹಣದ ಮಾತು ಅವತ್ತೇ, ಬರವಣಿಗೆಯಲ್ಲಿ.

ಅಂತ್ಯಕ್ರಿಯೆಗೆ ಒಂದೆರಡು ದಿನವೂ ಸಿಗಲ್ಲ. ಎಲ್ಲರಿಗೂ ಬರುವ ಆರು ಹಾಡುಗಳ ಒಂದು ಕಟ್ಟು ಸದಾ ತಯಾರಿರಲಿ, ಎಲ್ಲವೂ ಒಂದು ಸ್ವರ ಕೆಳಗೆ. ಅಳುವವರಿಗೆ ಮೇಲಿನ ಸ್ವರ ಹತ್ತಲ್ಲ. ಮನೆಯವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಅವರಿಗೆ ಇಷ್ಟವಾದ ಹಾಡು ಯಾವುದಿತ್ತು? ಆಮೇಲೆ ಅವರು ಮಾತಾಡುತ್ತಾರೆ, ನೀವು ಕೇಳಿಸಿಕೊಳ್ಳಿ. ಹಾಡುವಾಗ ನಿಮಗೇ ಗಂಟಲು ಕಟ್ಟುವ ದಿನ ಬರುತ್ತದೆ, ತೀರಿಕೊಂಡವರು ಕ್ವಾಯರ್‌ನವರೇ ಆಗಿದ್ದರೆ ಖಂಡಿತ. ಅವತ್ತು ಶುರು ಮಾಡಿಸಲು ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಸಂಬಳ, ರಜೆ, ಗಂಟಲು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಂಬಳದ ಕೆಲಸ ಆದರೆ ವಾರಕ್ಕೆ ಎಷ್ಟು ಗಂಟೆ, ಎಷ್ಟು ರಜೆ, ಪುಸ್ತಕಕ್ಕೆ ಮತ್ತು ಶ್ರುತಿ ಮಾಡಿಸಲು ಎಷ್ಟು ಹಣ ಅಂತ ಬರೆಸಿಕೊಳ್ಳಿ. ಸ್ವಯಂಸೇವೆ ಆದರೂ ಬರೆಸಿಕೊಳ್ಳಿ. ಜನ ಕಾಣುವುದು ಭಾನುವಾರದ ಒಂದೂವರೆ ಗಂಟೆ ಮಾತ್ರ, ಸಮಿತಿಯವರೂ ಅದನ್ನೇ ಲೆಕ್ಕ ಹಾಕುತ್ತಾರೆ. ಒಂದು ತಿಂಗಳು ಮಾಡಿದ ಕೆಲಸದ ಗಂಟೆಗಳನ್ನು ಬರೆದು ತೋರಿಸಿದಾಗ ನಮ್ಮ ಸಮಿತಿಯಲ್ಲಿ ಮೊದಲ ಬಾರಿ ಯಾರೂ ಮಾತಾಡಲಿಲ್ಲ.

ಈಸ್ಟರ್ ಆದ ಮೇಲಿನ ವಾರ ಅಭ್ಯಾಸ ಇಡಬೇಡಿ. ಗಂಟಲು ಕೂತಿದ್ದರೆ ಪಿಸುಗುಟ್ಟಬೇಡಿ, ಸುಮ್ಮನಿರಿ. ವರ್ಷಕ್ಕೆ ಮೂರು ನಾಲ್ಕು ಭಾನುವಾರ ಬೇರೆಯವರ ಕೈಗೆ ಕ್ವಾಯರ್ ಕೊಟ್ಟು ನೀವು ಕೆಳಗೆ ಬೆಂಚಿನಲ್ಲಿ ಕೂರಿ, ಸಾಧ್ಯವಾದರೆ ಕೊನೆಯ ಬೆಂಚಿನಲ್ಲಿ. ಮೊದಲ ಸಲ ನಾನು ಹಾಗೆ ಕೂತಾಗ ಗೊತ್ತಾಗಿದ್ದು ಎರಡು: ಅಲ್ಲಿಗೆ ಪರದೆಯ ಕೊನೆಯ ಸಾಲು ಕಾಣಲ್ಲ, ಮತ್ತು ಎಡಗಡೆಯ ಸ್ಪೀಕರ್ ಕೆಟ್ಟು ಎಷ್ಟು ದಿನ ಆಗಿತ್ತೋ ಏನೋ. ಪಕ್ಕದಲ್ಲಿ ಅದೇ ಅಜ್ಜಿ ಕೂತಿದ್ದರು. "ಇಲ್ಲಿ ಕೂತ್ರೆ ಏನೂ ಕಾಣಲ್ಲ ಕಣಪ್ಪಾ, ಬಾಯಿಪಾಠ ಇರೋದಷ್ಟೇ ಹಾಡ್ತೀನಿ" ಅಂದರು. ಮರುದಿನ ಪರದೆಯ ಅಕ್ಷರ ದೊಡ್ಡದು ಮಾಡಿಸಿದೆ, ಸಾಲುಗಳನ್ನು ಎರಡೆರಡೇ ಹಾಕಿಸಿದೆ, ಸ್ಪೀಕರ್‌ನ ವೈರ್ ಬದಲಾಯಿಸಿದೆ.